ಫ್ರಾನ್ಸಿನ ಹಳ್ಳಿಗಳಲ್ಲಿ 52 ದಿನ, ಮೋಟಾರ್‌ಹೋಮ್‌ನಲ್ಲಿ ನಾವಿಬ್ಬರೇ: ಸ್ಟಿಯರಿಂಗ್ ಇಬ್ಬರಿಗೂ ಬರಬೇಕು

ಯಾರ್ಕ್‌ಶೈರ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ರಿಟೈರ್ ಆದಮೇಲೆ ಮೋಟಾರ್‌ಹೋಮ್ (ಒಳಗೇ ಹಾಸಿಗೆ, ಅಡುಗೆಮನೆ ಇರುವ ಗಾಡಿ) ತಗೊಳ್ಳೋದು ಸರಿನಾ ಎಂದು ಎರಡು ವರ್ಷದ ಹಿಂದೆ ಇಲ್ಲಿ ಕೇಳಿದ್ದೆ. ಆಗ ಎಷ್ಟೊಂದು ಜನ ಧೈರ್ಯ ಹೇಳಿದ್ದಿರಿ. ತಗೊಂಡೆವು. ಈ ಬೇಸಿಗೆಯಲ್ಲಿ ಫ್ರಾನ್ಸ್ ಸುತ್ತಿ ಬಂದೆವು. ಆ ಋಣ ತೀರಿಸಲು ಈ ಬರಹ.

ನಮ್ಮನೆಯವರಿಗೆ 68, ನನಗೆ 64. ಊರು ತೀರ್ಥಹಳ್ಳಿ ಕಡೆ. ಲೀಡ್ಸ್‌ಗೆ ಬಂದು ಮೂವತ್ತು ವರ್ಷದ ಮೇಲಾಯಿತು. ನಮ್ಮ ಗಾಡಿ ಆರು ಮೀಟರ್ ಉದ್ದ. ಸಾಮಾನೆಲ್ಲಾ ಸೇರಿ 3,500 ಕೆಜಿ ಮೀರಬಾರದು, ಸಾಮಾನ್ಯ ಕಾರ್ ಲೈಸೆನ್ಸ್ ಸಾಕು. ಜೂನ್ ಮೊದಲ ವಾರ ನ್ಯೂಹೇವನ್‌ನಿಂದ ಹಡಗು ಹತ್ತಿ ನಾಲ್ಕು ಗಂಟೆಯಲ್ಲಿ ಡಿಯೆಪ್ ಸೇರಿದೆವು. ಜುಲೈ ಕೊನೆಗೆ ಕಲೇಯಿಂದ ವಾಪಸ್. 52 ದಿನಕ್ಕೆ ಸುಮಾರು 3,100 ಕಿಮೀ. ಟೋಲ್ ಹೆದ್ದಾರಿ ಹತ್ತಲೇ ಇಲ್ಲ. ನಾರ್ಮಂಡಿ, ಲುವಾರ್ ನದಿ, ಓವರ್ನ್ ಬೆಟ್ಟಗಳು, ದೋರ್ದೊನ್ ಕಣಿವೆ, ಆಮೇಲೆ ಉತ್ತರಕ್ಕೆ. ಒಂದೊಂದು ಕಡೆ ಎರಡು ಮೂರು ರಾತ್ರಿ.

ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ.

ಗಾಡಿ ತಗೊಂಡ ದಿನದಿಂದಲೂ ಇವರೇ ಓಡಿಸುತ್ತಿದ್ದರು. ನಾನು ಮ್ಯಾಪ್ ನೋಡುವುದು, ಅಡುಗೆ, ಹಿಂದೆ ತೆಗೆಯುವಾಗ ಇಳಿದು ಕೈ ತೋರಿಸುವುದು. ನನಗೆ ಕಾರ್ ಚೆನ್ನಾಗಿಯೇ ಬರುತ್ತದೆ. ಆದರೆ ಇದನ್ನು ಎರಡು ವರ್ಷದಲ್ಲಿ ಒಂದೇ ಸಲ, ಖಾಲಿ ಪಾರ್ಕಿಂಗ್‌ನಲ್ಲಿ ಓಡಿಸಿದ್ದೆ. "ನೀನ್ಯಾಕೆ ಕಷ್ಟಪಡ್ತೀಯಾ" ಎಂದರು, ನಾನೂ ಸುಮ್ನಾದೆ.

ಮೂರನೇ ವಾರ ಸಲೇರ್ ಎಂಬ ಊರಲ್ಲಿದ್ದೆವು. ಓವರ್ನ್ ಬೆಟ್ಟಗಳ ನಡುವೆ, 900 ಮೀಟರ್‌ಗಿಂತ ಎತ್ತರ. ಕಪ್ಪು ಜ್ವಾಲಾಮುಖಿ ಕಲ್ಲಿನ ಮನೆಗಳು, ಕೆಂಪು ಮೈಯ ದೊಡ್ಡ ಕೊಂಬಿನ ಹಸುಗಳು. ಬೆಳಿಗ್ಗೆ ಇವರು ಏಳುತ್ತಿದ್ದ ಹಾಗೇ ಮತ್ತೆ ಹಾಸಿಗೆಗೆ ಬಿದ್ದರು. ಎಲ್ಲಾ ಗಿರಗಿರ ತಿರುಗುತ್ತಿದೆ ಎಂದರು. ವಾಂತಿ. ಕಣ್ಣು ತೆರೆಯಲು ಆಗುತ್ತಿಲ್ಲ. ಸ್ಟ್ರೋಕ್ ಇರಬಹುದು ಅಂತ ನನ್ನ ಕೈಕಾಲು ತಣ್ಣಗಾಯಿತು. ಕ್ಯಾಂಪ್‌ಸೈಟಿನ ಹೆಂಗಸು 15ಕ್ಕೆ ಫೋನ್ ಮಾಡಿ ಕೊಟ್ಟರು. ಅದು ಅಲ್ಲಿಯ ವೈದ್ಯಕೀಯ ತುರ್ತು ನಂಬರ್. ವೈದ್ಯರು ಕೈ ಎತ್ತಲಿ, ನಗಲಿ, ಮಾತಾಡಲಿ ಎಂದು ಒಂದೊಂದಾಗಿ ಕೇಳಿದರು. ಸ್ಟ್ರೋಕ್ ಹಾಗೆ ಕಾಣುತ್ತಿಲ್ಲ, ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದರು.

ಪಟ್ಟಣ ಅಂದರೆ ಓರಿಯಾಕ್. 45 ಕಿಮೀ ಬೆಟ್ಟದ ದಾರಿ.

ಇವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಮಡಿಲಲ್ಲಿ ಪಾತ್ರೆ ಇಟ್ಟೆ. ನಮ್ಮದು ಬ್ರಿಟನ್ ಗಾಡಿ, ಸ್ಟಿಯರಿಂಗ್ ಬಲಕ್ಕೆ. ಫ್ರಾನ್ಸಿನಲ್ಲಿ ಬಲಗಡೆ ಓಡಿಸಬೇಕು. ಹಾಗಾಗಿ ಎದುರಿನ ದಾರಿ ಸರಿಯಾಗಿ ಕಾಣುವುದು ಪಕ್ಕದಲ್ಲಿ ಕೂತವರಿಗೇ. ಅವರು ಕಣ್ಣು ಮುಚ್ಚಿಕೊಂಡಿದ್ದಾರೆ. ಒಂದು ತಿರುವಿನಲ್ಲಿ ಹಾಲಿನ ಟ್ಯಾಂಕರ್ ಎದುರಾಯಿತು. ನಿಂತುಬಿಟ್ಟೆ. ಅವನೇ ಅಂಚಿಗೆ ಸರಿದು, ಕೈ ಎತ್ತಿ ಹೋದ. ಹಿಂದೆ ಕಾರುಗಳು ಸೇರಿದಾಗಲೆಲ್ಲ ಪಕ್ಕಕ್ಕೆ ತೆಗೆದು ಬಿಟ್ಟೆ. ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಆಸ್ಪತ್ರೆ ಮುಂದೆ ಇಳಿದಾಗ ಸ್ಟಿಯರಿಂಗ್ ಹಿಡಿದಿದ್ದ ಬೆರಳು ಬಿಡಿಸಲು ಆಗುತ್ತಿರಲಿಲ್ಲ.

ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ಬಿಟ್ಟು ಸರಿದಿದ್ದವು, ಅಷ್ಟೇ. ವೈದ್ಯೆ ತಲೆಯನ್ನು ಆ ಕಡೆ ಈ ಕಡೆ ನಿಧಾನಕ್ಕೆ ಹೊರಳಿಸಿ ಮಲಗಿಸಿದರು. ಮಾರನೇ ದಿನಕ್ಕೆ ಮುಕ್ಕಾಲು ಪಾಲು ಸರಿಹೋಯಿತು. ಒಂದು ವಾರ ಗಾಡಿ ಮುಟ್ಟಬೇಡಿ ಎಂದರು. ಆ ವಾರ ನಾನೇ ಓಡಿಸಿದೆ. ಆಮೇಲೆ ಮನೆ ಸೇರುವ ತನಕ ಒಂದು ದಿನ ಅವರು, ಒಂದು ದಿನ ನಾನು.

ನಮ್ಮ ವಯಸ್ಸಿನ ಜೋಡಿಗಳು ಹೊರಡುವ ಮುಂಚೆ ಇದೊಂದನ್ನು ದಯವಿಟ್ಟು ಮಾಡಿ. ಗಾಡಿ ಇಬ್ಬರಿಗೂ ಬರಲಿ. ಇನ್ಶೂರೆನ್ಸ್‌ನಲ್ಲಿ ಇಬ್ಬರ ಹೆಸರೂ ಇರಲಿ. ನನ್ನ ಹೆಸರು ಇತ್ತು, ಪುಣ್ಯ.

ಬೇರೆ ಏನು ಬೇಕಾದರೂ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಜಯನಗರ ನಾಲ್ಕನೇ ಬ್ಲಾಕ್

ಅಮ್ಮ, ಓದಿ ನಮಗೇ ಎದೆ ಹೊಡೆದುಕೊಂಡಿತು. ಸಾರ್ ಈಗ ಹುಷಾರಾಗಿದ್ದಾರಲ್ವಾ? ನಾನು ಮತ್ತು ನನ್ನಾಕೆ ಬೆಂಗಳೂರಿನಿಂದ ಹೋಗಿ, ಅಲ್ಲೇ ಬಾಡಿಗೆಗೆ ತಗೊಂಡು ಮೂರು ವಾರ ಸುತ್ತಬೇಕು ಅಂತಿದ್ದೇವೆ. ನಮ್ಮ ಲೈಸೆನ್ಸ್ ನಡೆಯುತ್ತಾ? ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಇನ್ನೊಂದು, ಕೇಳಲು ಸಂಕೋಚ, ಟಾಯ್ಲೆಟ್ ವ್ಯವಸ್ಥೆ ಹೇಗೆ?

ಯಾರ್ಕ್‌ಶೈರ್ ಕನ್ನಡತಿ

ಪೂರ್ತಿ ಹುಷಾರಾಗಿದ್ದಾರೆ. ತೋಟದಲ್ಲಿ ಬೀನ್ಸ್ ಬಿಡಿಸುತ್ತಿದ್ದಾರೆ.

ನಿಮಗೆ ಷೆಂಗೆನ್ ವೀಸಾ ಬೇಕು. ಲೈಸೆನ್ಸ್ ಜೊತೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಇಬ್ಬರಿಗೂ. 3,500 ಕೆಜಿ ಒಳಗಿನ ಗಾಡಿಯನ್ನೇ ಕೇಳಿ. ಬಾಡಿಗೆ ಕೊಡುವವರು ವಯಸ್ಸಿನ ಮಿತಿ ಇಟ್ಟಿರಬಹುದು, ಮೊದಲೇ ವಿಚಾರಿಸಿ. ಅಲ್ಲಿಯ ಗಾಡಿಗೆ ಸ್ಟಿಯರಿಂಗ್ ಎಡಕ್ಕೆ, ಗೇರ್ ಬಲಗೈಗೆ. ದಾರಿಯಲ್ಲಿ ನಾಲ್ಕು ಗಾಡಿ ಇದ್ದಾಗ ತಪ್ಪು ಆಗುವುದಿಲ್ಲ. ಬೆಳಿಗ್ಗೆ ಖಾಲಿ ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ, ದಾರಿಯಲ್ಲಿ ಯಾರೂ ಇಲ್ಲದಾಗ, ಕೈ ತಾನಾಗೇ ಎಡಕ್ಕೆ ತಿರುಗುತ್ತದೆ. ನಾವು ಪ್ರತಿ ಸಲ ಹೊರಡುವಾಗ "ಬಲಕ್ಕೆ" ಎಂದು ಜೋರಾಗಿ ಹೇಳಿಕೊಳ್ಳುತ್ತಿದ್ದೆವು. ಬಂಕಿನಲ್ಲಿ ಡೀಸೆಲ್‌ಗೆ "ಗಾಜೋಲ್" ಎಂದು ಬರೆದಿರುತ್ತಾರೆ. ಅದನ್ನು ಪೆಟ್ರೋಲ್ ಅಂದುಕೊಳ್ಳಬೇಡಿ.

ಫ್ರಾನ್ಸಿನಲ್ಲಿ ಸುಮಾರು 35,000 ಕೊಮ್ಯೂನ್‌ಗಳಿವೆ. ನಮ್ಮ ಪಂಚಾಯಿತಿ ಇದ್ದ ಹಾಗೆ, ಪ್ರತಿಯೊಂದಕ್ಕೂ ಮೇಯರ್ ಇರುತ್ತಾರೆ. ಇವುಗಳಲ್ಲಿ ಎಷ್ಟೋ ಊರುಗಳು ಮೋಟಾರ್‌ಹೋಮ್‌ಗಳಿಗೆ ಒಂದು ಜಾಗ ಮಾಡಿವೆ, "ಏರ್" ಎನ್ನುತ್ತಾರೆ. ಕೆಲವು ಪುಕ್ಕಟೆ, ಕೆಲವಕ್ಕೆ ಸ್ವಲ್ಪ ದುಡ್ಡು. ಕುಡಿಯುವ ನೀರಿನ ನಲ್ಲಿ, ಪಾತ್ರೆ ತೊಳೆದ ನೀರು ಬಿಡಲು ಜಾಲರಿ, ಟಾಯ್ಲೆಟ್ ಡಬ್ಬ ಖಾಲಿ ಮಾಡಲು ಬೇರೆ ಗುಂಡಿ. ಆ ಡಬ್ಬ ಸೂಟ್‌ಕೇಸ್ ತರಹ, ಚಕ್ರ ಇರುತ್ತದೆ, ಹೊರಗಿನ ಸಣ್ಣ ಬಾಗಿಲಿನಿಂದ ಎಳೆದು ತೆಗೆಯುತ್ತಾರೆ. ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ. ನಾವು ಆ ಕೆಲಸವನ್ನೂ ಸರದಿ ಮೇಲೆ ಮಾಡಿದೆವು. ನೀರು ನಮ್ಮಲ್ಲಿ 100 ಲೀಟರ್. ಷವರ್ ಬಿಟ್ಟು ಬಕೆಟ್ ಚೊಂಬಿನಲ್ಲಿ ಸ್ನಾನ ಮಾಡಿದರೆ ಮೂರು ದಿನ ಆರಾಮಾಗಿ ಬಂತು.

ಫ್ರಾನ್ಸ್ ಪ್ಯಾಸಿಯೋಂ ಎಂಬ ವ್ಯವಸ್ಥೆ 1993ರಿಂದ ಇದೆ. ವರ್ಷಕ್ಕೊಮ್ಮೆ ಸದಸ್ಯರಾದರೆ ಎರಡು ಸಾವಿರಕ್ಕೂ ಹೆಚ್ಚು ರೈತರ, ದ್ರಾಕ್ಷಿ ಬೆಳೆಗಾರರ ಜಮೀನಿನಲ್ಲಿ 24 ಗಂಟೆ ನಿಲ್ಲಿಸಬಹುದು, ಬಾಡಿಗೆ ಇಲ್ಲ. ಟಾಯ್ಲೆಟ್ ಗಾಡಿಯೊಳಗೇ ಇರಬೇಕು. ಹೋದ ತಕ್ಷಣ ಮನೆಯವರನ್ನು ಕಂಡು ಮಾತಾಡಿಸಬೇಕು. ನಾವು ಹೀಗೆ ಏಳು ರಾತ್ರಿ ಇದ್ದೆವು. ಒಂದು ಕಡೆ ಮೇಕೆ ಹಾಲು ಕರೆಯುವುದನ್ನು ನೋಡುತ್ತಾ ಸಂಜೆ ಕಳೆದದ್ದು ಯಾವ ಕೋಟೆ ಅರಮನೆಗಿಂತಲೂ ಚೆನ್ನಾಗಿತ್ತು.

ತುಲೂಸ್ ನಿವಾಸಿ

ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಸ್ವಲ್ಪ ಸೇರಿಸುತ್ತೇನೆ ಅಕ್ಕಾ.

ಏರ್‌ನಲ್ಲಿ ನಿಲ್ಲಿಸಿ ಒಳಗೆ ಮಲಗಿದರೆ ಅದು ಪಾರ್ಕಿಂಗ್. ಹೊರಗೆ ಕುರ್ಚಿ ಮೇಜು ಹಾಕಿ, ಬಿಸಿಲಿನ ಮರೆ ಬಿಚ್ಚಿದರೆ ಅದು ಕ್ಯಾಂಪಿಂಗ್. ಇಲ್ಲಿಯವರು ಈ ವ್ಯತ್ಯಾಸವನ್ನು ತುಂಬಾ ಗಮನಿಸುತ್ತಾರೆ. ಕುರ್ಚಿ ಹಾಕಿ ಕೂರಬೇಕು ಅನಿಸಿದರೆ ಊರಾಡಳಿತವೇ ನಡೆಸುವ ಕ್ಯಾಂಪ್‌ಸೈಟ್‌ಗೆ, ಅಂದರೆ ಕ್ಯಾಂಪಿಂಗ್ ಮುನಿಸಿಪಾಲ್‌ಗೆ ಹೋಗಿ. ಅವು ದುಬಾರಿಯಲ್ಲ, ಎಷ್ಟೋ ಕಡೆ ನದಿ ದಂಡೆಯಲ್ಲೇ ಇರುತ್ತವೆ.

ರಸ್ತೆಯ ವಿಷಯದಲ್ಲಿ ಹೊಸಬರು ಎಡವುವುದು ಬಲಗಡೆಯವರಿಗೆ ದಾರಿ ಬಿಡುವ ನಿಯಮದಲ್ಲಿ. ಹಳ್ಳಿಯೊಳಗೆ ಬಲಗಡೆಯ ಸಣ್ಣ ಗಲ್ಲಿಯಿಂದ ಟ್ರಾಕ್ಟರ್ ಬಂದರೂ, ಬೇರೆ ಬೋರ್ಡ್ ಇಲ್ಲದಿದ್ದರೆ ಅದಕ್ಕೇ ಮೊದಲ ಹಕ್ಕು. ಬಿಳಿ ಅಂಚಿನ ಹಳದಿ ವಜ್ರಾಕಾರದ ಬೋರ್ಡ್ ಇದ್ದರೆ ನೀವು ಮುಖ್ಯ ದಾರಿಯಲ್ಲಿದ್ದೀರಿ. ಅದರ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಆ ಹಕ್ಕು ಮುಗಿಯಿತು. ಊರಿನ ಹೆಸರಿನ ಬೋರ್ಡ್ ದಾಟಿದರೆ ವೇಗ 50. ಬೇರೆ ಬೋರ್ಡ್ ಬೇಕಾಗಿಲ್ಲ. ಎರಡು ಲೇನಿನ ಹಳ್ಳಿ ರಸ್ತೆಗೆ 2018ರಿಂದ 80, ಕೆಲವು ಜಿಲ್ಲೆಗಳು ಮತ್ತೆ 90 ಮಾಡಿವೆ. ಗಾಡಿ 3.5 ಟನ್ ಮೀರಿದರೆ 2021ರಿಂದ ಬ್ಲೈಂಡ್ ಸ್ಪಾಟ್ (ಓಡಿಸುವವರಿಗೆ ಕಾಣದ ಜಾಗ) ಸ್ಟಿಕ್ಕರ್ ಅಂಟಿಸಬೇಕು.

ಜುಲೈ, ಆಗಸ್ಟ್ ಶನಿವಾರಗಳಲ್ಲಿ ದಕ್ಷಿಣಕ್ಕೆ ಹೊರಡಬೇಡಿ. ಸರ್ಕಾರದ ಬಿಸೋನ್ ಫ್ಯೂತೆ ಎಂಬ ಟ್ರಾಫಿಕ್ ಮುನ್ಸೂಚನೆ ಇದೆ. ಹಸಿರು, ಕಿತ್ತಳೆ, ಕೆಂಪು, ಕಪ್ಪು. ಕಪ್ಪು ಅಂದರೆ ಮನೆಯಲ್ಲೇ ಇರಿ.

ಮಲೆನಾಡು ಮನೆ

ನಾವು ಶುದ್ಧ ಸಸ್ಯಾಹಾರಿಗಳು. ಫ್ರಾನ್ಸ್ ಹಳ್ಳಿಯಲ್ಲಿ ಊಟಕ್ಕೆ ಏನು ಮಾಡಿದಿರಿ ಅಕ್ಕಾ? ತೀರ್ಥಹಳ್ಳಿಯವರು ಎಂದು ಓದಿ ಖುಷಿಯಾಯಿತು. ನಮ್ಮದು ಕೊಪ್ಪ.

ಯಾರ್ಕ್‌ಶೈರ್ ಕನ್ನಡತಿ

ಪಕ್ಕದೂರಿನವರೇ!

ಹೋಟೆಲ್ ನಂಬಿಕೊಂಡರೆ ಕಷ್ಟ. ದೋರ್ದೊನ್‌ನಲ್ಲಿ ಎಲ್ಲಿ ನೋಡಿದರೂ ಬಾತುಕೋಳಿ. ನಾವು ಗಾಡಿಯಲ್ಲೇ ಅಡುಗೆ ಮಾಡಿದೆವು. ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು, ಇಂಗು ಮನೆಯಿಂದ. ಆದರೆ ಬ್ರಿಟನ್‌ನಿಂದ ಯುರೋಪ್ ಒಕ್ಕೂಟಕ್ಕೆ ಹಾಲಿನ ಪದಾರ್ಥ ತಗೊಂಡು ಹೋಗುವ ಹಾಗಿಲ್ಲ. ತುಪ್ಪ ಇಲ್ಲ, ಮೊಸರಿನ ಹೆಪ್ಪೂ ಇಲ್ಲ. ಹಾಗಾಗಿ ಡಿಯೆಪ್‌ನಲ್ಲಿ ಇಳಿದ ಮೊದಲ ದಿನ ಉಪ್ಪಿಲ್ಲದ ನಾರ್ಮಂಡಿ ಬೆಣ್ಣೆ ಅರ್ಧ ಕೆಜಿ ತಂದು ಕಾಯಿಸಿದೆ. ಎಂಥಾ ತುಪ್ಪ ಬಂತು ಅಂತೀರಿ! ಹಳದಿ ಬಣ್ಣ, ಮರಳು ಮರಳು, ನಮ್ಮಮ್ಮ ಕಾಯಿಸುತ್ತಿದ್ದ ಹಾಗೇ ಘಮ. ಇವರು ಬಿಸಿ ಅನ್ನಕ್ಕೆ ಬರೀ ತುಪ್ಪ ಉಪ್ಪು ಹಾಕಿಕೊಂಡು ಎರಡು ಸಲ ಬಡಿಸಿಕೊಂಡರು. ಅಲ್ಲಿಯ ಸಾದಾ ಯೋಗರ್ಟ್‌ನಿಂದಲೇ ಹೆಪ್ಪು ಹಾಕಿದೆ.

ಓವರ್ನ್ ಕಡೆ ಹೋದರೆ ಲ ಪುಯಿ ಊರಿನ ಹಸಿರು ಬೇಳೆ ತಗೊಳ್ಳಿ, ಲಾಂತೀ ವೆರ್ತ್. ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆಯುತ್ತದೆ, 1996ರಲ್ಲಿ ಊರಿನ ಹೆಸರಿನ ಮಾನ್ಯತೆ ಸಿಕ್ಕಿದೆ. ಅದು ಬೆಂದರೂ ಕರಗುವುದಿಲ್ಲ, ಕಾಳು ಕಾಳಾಗಿ ನಿಲ್ಲುತ್ತದೆ. ಸಾರಿಗೆ ಆಗುವುದಿಲ್ಲ. ಉಸಲಿಗೆ ಬಹಳ ಚೆನ್ನಾಗಿರುತ್ತದೆ. ಸಾಸಿವೆ, ಮೆಣಸಿನಕಾಯಿ ಒಗ್ಗರಣೆ, ಮೇಲೆ ನಿಂಬೆಹಣ್ಣು. ಪಕ್ಕದ ಗಾಡಿಯ ಲಿಯೋಂ ಕಡೆಯ ದಂಪತಿ ಇಂಗಿನ ವಾಸನೆ ಹಿಡಿದು ಏನು ಇದು ಎಂದು ಕೇಳಿಕೊಂಡು ಬಂದರು. ಒಂದು ಬಟ್ಟಲು ಕೊಟ್ಟೆ. ಮರುದಿನ ಅವರು ಅಕ್ರೋಟಿನ ಕೇಕ್ ತಂದುಕೊಟ್ಟರು. ಅಂಚೆಯಲ್ಲಿ ಇಂಗು ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ತುಲೂಸ್ ನಿವಾಸಿ

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಇಲ್ಲಿಯ ಸಾಂಪ್ರದಾಯಿಕ ಚೀಸ್‌ಗಳನ್ನು, ರೋಕ್‌ಫೋರ್, ಕಾಂತಾಲ್, ಕೊಂತೆ ಎಲ್ಲವನ್ನೂ, ಹಾಲು ಒಡೆಸಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಮಾಡುತ್ತಾರೆ. ಆಲೂಗಡ್ಡೆಗೆ ಚೀಸ್ ಬೆರೆಸಿ ನಾದುವ ಆಲಿಗೋ ನೋಡಲು ಸಸ್ಯಾಹಾರವೇ, ಒಳಗಿನ ಚೀಸ್ ಅಲ್ಲ. ಯಾರೂ ಹೇಳುವುದಿಲ್ಲ, ಆದ್ದರಿಂದ ಹೇಳಿದೆ. ತಿನ್ನುವುದು ಬಿಡುವುದು ನಿಮಗೆ ಸೇರಿದ್ದು.

ಹಳೇ ಪಂಚಾಯಿತಿ ಸದಸ್ಯ

ನನ್ನದೊಂದು ತಕರಾರು ಇದೆ, ತಪ್ಪು ತಿಳಿಯಬೇಡಿ. ನಮ್ಮ ಕೊಡಗು, ಚಿಕ್ಕಮಗಳೂರು ಕಡೆ ವಾರದ ಕೊನೆಗೆ ಬರುವ ಗಾಡಿಗಳನ್ನು ನೋಡಿ ಬೇಸತ್ತಿದ್ದೇವೆ. ಕಸ ಬಿಟ್ಟು ಹೋಗುತ್ತಾರೆ, ತಿನ್ನುವುದೆಲ್ಲಾ ಪಟ್ಟಣದಿಂದ ಹೊತ್ತು ತರುತ್ತಾರೆ. ನೀವು ಹೇಳುವ ಪುಕ್ಕಟೆ ಜಾಗವೂ ಹಾಗೇ ಅಲ್ವಾ? ಹಳ್ಳಿಯವರು ತೆರಿಗೆ ದುಡ್ಡಿನಲ್ಲಿ ನೀರು, ಒಳಚರಂಡಿ ಮಾಡಿಕೊಡುತ್ತಾರೆ. ನೀವು ಅಕ್ಕಿ ಬೇಳೆ ಮನೆಯಿಂದ ತಂದು ಬೇಯಿಸಿಕೊಂಡು ಹೊರಡುತ್ತೀರಿ. ಅವರಿಗೇನು ಸಿಕ್ಕಿತು?

ಯಾರ್ಕ್‌ಶೈರ್ ಕನ್ನಡತಿ

ಸರಿಯಾದ ತಕರಾರು. ಮೊದಲ ವಾರ ನಾವೂ ಹಾಗೇ ಇದ್ದೆವು, ನಿಜ. ನಾರ್ಮಂಡಿಯ ಒಂದು ಸಣ್ಣ ಊರಿನಲ್ಲಿ ನೀರಿನ ಮೆಷಿನ್‌ಗೆ ಹಾಕಲು ಟೋಕನ್ ಬೇಕಿತ್ತು. ಅದು ಸಿಗುವುದು ಬೇಕರಿಯಲ್ಲಿ. ಹೋದೆವು. ಟೋಕನ್ ಕೊಡುತ್ತಾ ಆಕೆ ಕೇಳಿದರು, ನಿನ್ನೆಯಿಂದ ಇದ್ದೀರಿ, ಬ್ರೆಡ್ ಎಲ್ಲಿ ತಗೊಂಡಿರಿ? ಸೂಪರ್‌ಮಾರ್ಕೆಟ್ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ಊರಿನಲ್ಲಿ ಬೇಕರಿಯೇ ಇರಲಿಲ್ಲ. ಗಾಜಿಗೆ ಕಾಗದ ಅಂಟಿಸಿದ ಅಂಗಡಿ, ಮೇಲೆ ಬೋರ್ಡ್ ಮಾತ್ರ ಉಳಿದಿತ್ತು. ಏರ್ ಯಾಕೆ ಮಾಡುತ್ತಾರೆ ಅಂತ ಆಗ ಅರ್ಥವಾಯಿತು. ಊರಿನ ಅಂಗಡಿ ಉಳಿಯಲಿ ಅಂತ.

ಅಲ್ಲಿಂದ ನಾವೇ ಒಂದು ಕಟ್ಟು ಹಾಕಿಕೊಂಡೆವು. ರಾತ್ರಿ ಯಾವ ಊರಿನಲ್ಲಿ ಮಲಗುತ್ತೇವೋ ಅಲ್ಲೇ ಬ್ರೆಡ್, ತರಕಾರಿ, ಹಣ್ಣು, ಎರಡು ಕಪ್ ಕಾಫಿ. ಏರ್ ಪುಕ್ಕಟೆ ಇದ್ದರೂ ಹದಿನೈದು ಯೂರೋ ಆ ಊರಿನಲ್ಲೇ ಖರ್ಚಾಗಬೇಕು. ಬ್ರೆಡ್ ತಗೊಳ್ಳುವಾಗ "ಬಾಗೆತ್ ತ್ರಾದಿಸಿಯೋಂ", ಅಂದರೆ ಸಾಂಪ್ರದಾಯಿಕ ಉದ್ದನೆಯ ಬ್ರೆಡ್, ಎಂದೇ ಕೇಳಿ. 1993ರ ಕಾನೂನಿನ ಪ್ರಕಾರ ಅದನ್ನು ಮಾಡುವಾಗ ಯಾವ ಹಂತದಲ್ಲೂ ಫ್ರೀಜ್ ಮಾಡಬಾರದು, ರಾಸಾಯನಿಕ ಬೆರೆಸುವ ಹಾಗಿಲ್ಲ. ಒಳಗೆ ಕಾಲಿಟ್ಟ ತಕ್ಷಣ "ಬೊಂಜೂರ್" ಅನ್ನಿ. ಅದನ್ನು ಹೇಳದೆ ಕೈ ತೋರಿಸಿ ಕೇಳುವುದು ಅಲ್ಲಿ ದೊಡ್ಡ ಅಗೌರವ. ಮಧ್ಯಾಹ್ನ 12ರಿಂದ 2 ಹೆಚ್ಚಿನ ಅಂಗಡಿ ಬಾಗಿಲು, ಸೋಮವಾರವೂ ಎಷ್ಟೋ ಕಡೆ ರಜೆ.

ದೋರ್ದೊನ್ ಕಡೆ ಬೇಸಿಗೆಯಲ್ಲಿ ರಾತ್ರಿ ಸಂತೆ ಇರುತ್ತದೆ. ಊರ ಚೌಕದಲ್ಲಿ ಉದ್ದದ ಮೇಜು ಬೆಂಚು ಹಾಕಿರುತ್ತಾರೆ. ತಟ್ಟೆ, ಚಮಚ ನಾವೇ ಒಯ್ಯಬೇಕು. ಸುತ್ತಲಿನ ರೈತರು ಮಾಡಿದ್ದನ್ನು ಕೊಂಡು ಅಲ್ಲೇ ಕೂತು ತಿನ್ನುವುದು. ನಮಗೆ ಸಿಕ್ಕಿದ್ದು ಆಲೂಗಡ್ಡೆ, ಸಲಾಡ್, ಸ್ಟ್ರಾಬೆರಿ. ಪಕ್ಕದಲ್ಲಿ ಎಂಬತ್ತು ದಾಟಿದ ಅಜ್ಜಿ ನನ್ನ ಸೀರೆ ಸೆರಗು ಮುಟ್ಟಿ ಮುಟ್ಟಿ ನೋಡಿದರು. ಭಾಷೆ ಬರದಿದ್ದರೂ ಹತ್ತೂವರೆ ತನಕ ಕೂತಿದ್ದೆವು.

ಹಳೇ ಪಂಚಾಯಿತಿ ಸದಸ್ಯ

ಒಪ್ಪಿದೆ ತಾಯಿ. ಟೋಕನ್ ಬೇಕರಿಯಲ್ಲಿ ಇಡುವ ಉಪಾಯ ನಮ್ಮ ಕಡೆಯೂ ಮಾಡಬಹುದು. ನಮ್ಮ ಪಂಚಾಯಿತಿಯವರಿಗೆ ಹೇಳುತ್ತೇನೆ.

ಇತಿಹಾಸದ ಮೇಷ್ಟ್ರು

ಕಲೇ ಕಡೆಯಿಂದ ವಾಪಸ್ ಬಂದಿದ್ದೀರಿ. ದಾರಿಯಲ್ಲಿ ನಮ್ಮ ಭಾರತೀಯ ಸೈನಿಕರ ಸ್ಮಾರಕ ಇರುವ ನ್ಯೂವ್-ಶಪೆಲ್ ಸಿಗುತ್ತದೆ. ನೋಡಿದಿರಾ?

ಯಾರ್ಕ್‌ಶೈರ್ ಕನ್ನಡತಿ

ನೋಡಿದೆವು ಸಾರ್. ಅದಕ್ಕೂ ಮುಂಚೆ ಲಿಮೋಜ್ ಹತ್ತಿರದ ಒರಾದೂರ್-ಸುರ್-ಗ್ಲಾನ್ ನೋಡಿದೆವು. 1944ರ ಜೂನ್ 10ರಂದು ನಾಜಿ ಸೈನಿಕರು ಒಂದೇ ಮಧ್ಯಾಹ್ನ 643 ಜನರನ್ನು ಕೊಂದ ಊರು. ಹೆಂಗಸರು ಮಕ್ಕಳನ್ನು ಚರ್ಚಿನೊಳಗೆ ಕೂಡಿಹಾಕಿದ್ದರು. ಸುಟ್ಟ ಊರನ್ನು ಹಾಗೇ ಬಿಟ್ಟಿದ್ದಾರೆ, ಹೊಸ ಊರನ್ನು ಪಕ್ಕದಲ್ಲಿ ಕಟ್ಟಿದ್ದಾರೆ. ತುಕ್ಕು ಹಿಡಿದ ಹೊಲಿಗೆ ಮೆಷಿನ್‌ಗಳು ಗೋಡೆಯಿಲ್ಲದ ಮನೆಗಳಲ್ಲಿ ಇನ್ನೂ ಇವೆ. ನಮ್ಮಮ್ಮನ ಮೆಷಿನ್ ಕೂಡ ಅದೇ ತರಹದ್ದು. ಅಲ್ಲಿಂದ ಹೊರಟ ಮೇಲೆ ಸಂಜೆ ತನಕ ನಾವಿಬ್ಬರೂ ಮಾತಾಡಲಿಲ್ಲ.

ನ್ಯೂವ್-ಶಪೆಲ್ ಹೊಲಗಳ ನಡುವೆ, ರಸ್ತೆ ಪಕ್ಕದಲ್ಲೇ ಇದೆ. ದುಂಡಗಿನ ಆವರಣ, ಎತ್ತರದ ಕಂಬದ ತುದಿಯಲ್ಲಿ ಕಮಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂ ಕಡೆ ಸತ್ತು, ಸಮಾಧಿಯೂ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರು ಗೋಡೆಯಲ್ಲಿದೆ. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ಇವರು ಚಪ್ಪಲಿ ಬಿಟ್ಟು ಒಂದು ಸುತ್ತು ಬಂದರು. ಹತ್ತಿರದ ಹೂವಿನಂಗಡಿಯಿಂದ ತಂದ ಹೂವಿಟ್ಟೆ.

ಇತಿಹಾಸದ ಮೇಷ್ಟ್ರು

ಒಳ್ಳೆಯ ಕೆಲಸ ಮಾಡಿದಿರಿ. ಅಲ್ಲಿ ದೊಡ್ಡ ಕದನ ನಡೆದದ್ದು 1915ರ ಮಾರ್ಚ್ 10ರಿಂದ 13. ಸ್ಮಾರಕ ತೆರೆದದ್ದು 1927ರಲ್ಲಿ. ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದು ಫ್ರಾನ್ಸಿನಲ್ಲಿ ಅಲ್ಲ, ಪ್ಯಾಲೆಸ್ಟೈನ್ ಕಡೆ. 1918ರಲ್ಲಿ ಜೋಧಪುರ ಲ್ಯಾನ್ಸರ್ಸ್ ಜೊತೆ ಸೇರಿ ಹೈಫಾ ಗೆದ್ದವರು ಅವರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ. ಬೆಂಗಳೂರಿಗೆ ಬಂದಾಗ ಅಲ್ಲೂ ಒಂದು ಹೂವಿಡಿ.

ಕವೆಂಟ್ರಿಯಿಂದ

ಅಕ್ಕಾ, ಮೊದಲ ಬರಹಕ್ಕೆ ವಾಪಸ್ ಬರುತ್ತೇನೆ. ನಾನೂ ನಿಮ್ಮ ಹಾಗೇ. ಕಾರ್ ಓಡಿಸುತ್ತೇನೆ, ದೊಡ್ಡ ಗಾಡಿ ನೋಡಿದರೆ ಭಯ. ಮನೆಯವರಿಗೆ ಬರುವ ವರ್ಷ 70 ತುಂಬುತ್ತದೆ. ನಮ್ಮ ಗಾಡಿ 3,850 ಕೆಜಿ. ನಿಮ್ಮ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲಿಂದ ಶುರು ಮಾಡಲಿ?

ಯಾರ್ಕ್‌ಶೈರ್ ಕನ್ನಡತಿ

ಮೊದಲು ಲೈಸೆನ್ಸ್ ನೋಡಿ, ಇಬ್ಬರದೂ. ಬ್ರಿಟನ್‌ನಲ್ಲಿ 1997ಕ್ಕೆ ಮುಂಚೆ ಕಾರ್ ಟೆಸ್ಟ್ ಪಾಸಾದವರಿಗೆ 7.5 ಟನ್ ತನಕ ಓಡಿಸುವ ಸಿ1 ಹಕ್ಕು ತಾನಾಗೇ ಸಿಕ್ಕಿದೆ. 70 ತುಂಬಿದಾಗ ಅದು ಹೋಗುತ್ತದೆ. ಉಳಿಸಿಕೊಳ್ಳಬೇಕಾದರೆ ವೈದ್ಯರ ವರದಿ ಸಮೇತ ಅರ್ಜಿ ಹಾಕಬೇಕು. 1997ರಿಂದ ಈಚೆಗೆ ಪಾಸಾದವರಿಗೆ 3,500 ಕೆಜಿ ಮಾತ್ರ. ನೀವು 1997ರ ಮೇಲೆ ಪಾಸಾಗಿದ್ದರೆ ಈ ಗಾಡಿ ಮುಟ್ಟುವ ಹಾಗೇ ಇಲ್ಲ. ಆಗ ಸಿ1 ಟೆಸ್ಟ್ ಕೊಡಬೇಕು, ಇಲ್ಲವೇ ಗಾಡಿ ಬದಲಾಯಿಸಬೇಕು.

ಹಕ್ಕು ಇದ್ದರೆ ಭಾನುವಾರ ಬೆಳಿಗ್ಗೆ ಏಳಕ್ಕೆ ದೊಡ್ಡ ಅಂಗಡಿಯ ಖಾಲಿ ಪಾರ್ಕಿಂಗ್‌ಗೆ ಹೋಗಿ, ಅಂಗಡಿಯವರಿಗೆ ಮೊದಲೇ ಹೇಳಿ. ಮನೆಯವರು ಗಾಡಿಯಿಂದ ಇಳಿದು ದೂರ ನಿಲ್ಲಲಿ. ಪಕ್ಕದಲ್ಲಿ ಕೂತು ಹೇಳಿಕೊಡಬಾರದು. ಮೊದಲ ದಿನ ಮುಂದೆ ಹೋಗಿ ನಿಲ್ಲಿಸುವುದು, ಅಷ್ಟೇ. ಎರಡನೇ ದಿನ ತಿರುವು. ಹಿಂದಿನ ಚಕ್ರದ ಆಚೆ ಗಾಡಿಯ ಬಾಲ ಒಂದೂವರೆ ಮೀಟರ್ ಇರುತ್ತದೆ, ತಿರುಗಿಸಿದಾಗ ಅದು ಎದುರು ದಿಕ್ಕಿಗೆ ಬೀಸುತ್ತದೆ. ಅದನ್ನು ಕನ್ನಡಿಯಲ್ಲಿ ನೋಡಿ ನೋಡಿ ಕಲಿಯಬೇಕು. ರಿವರ್ಸ್ ಕೊನೆಗೆ. ಎತ್ತರ, ಅಗಲ ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ. ಫ್ರಾನ್ಸಿಗಾಗಿ ಮೀಟರ್‌ನಲ್ಲೇ ಬರೆಯಿರಿ. ನಮ್ಮದು 2.85.

ಕವೆಂಟ್ರಿಯಿಂದ

ಲೈಸೆನ್ಸ್ ನೋಡಿದೆ. ನಾನು 1994ರಲ್ಲಿ ಪಾಸಾದದ್ದು, ಸಿ1 ಇದೆ! ಇನ್ಶೂರೆನ್ಸ್‌ಗೆ ನನ್ನ ಹೆಸರು ಸೇರಿಸಲು ಇವತ್ತೇ ಫೋನ್ ಮಾಡಿದೆ.

ಕವೆಂಟ್ರಿಯಿಂದ

ಭಾನುವಾರದ ವರದಿ. ನಲವತ್ತು ನಿಮಿಷ ಓಡಿಸಿದೆ. ನಾಲ್ಕು ಸಲ ಆಫ್ ಆಯಿತು. ಮನೆಯವರು ದೂರದಲ್ಲಿ ಟ್ರಾಲಿ ಹಿಡಿದುಕೊಂಡು ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ತಿರುವು.

ಯಾರ್ಕ್‌ಶೈರ್ ಕನ್ನಡತಿ

ಎರಡು ಡಬ್ಬ ಇಟ್ಟು ಅದರ ಸುತ್ತ ತಿರುಗಿಸಿ. ಮೊದಲು ಬಲಕ್ಕೆ.